ಬೆಣ್ಣೆ ಮಾಡಿದ ರಿಪೇರಿ

ಆಂಬುಲೆನ್ಸ್ ಬೇಕೆಂದು ಜನ ಫೋನು ಮಾಡುವ ಕೊಠಡಿಯ ಕಂಪ್ಯೂಟರುಗಳು ವಾರದಿಂದ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅವುಗಳ ತಂತ್ರಾಂಶ ಬರೆಯುವ ಆಫೀಸಿಗೆ ಆಫೀಸೇ ಹಿಗ್ಗಿ ಹೀರೇಕಾಯಿಯಾಗಿತ್ತು. ತಂತ್ರಾಂಶ ಪರೀಕ್ಷಿಸುವವಳಿಗೆ ಮಾತ್ರ ಅನುಮಾನ. ಇದಕ್ಕೆ ಮುಂಚೆ ಹೆಡ್‌ಸೆಟ್ಟಿನ ತಂತಿ ಕೊಂಚ ಅಲುಗಿದರೂ ಸಾಕು, ಕಂಪ್ಯೂಟರಿನೊಳಗೆ ಧ್ವನಿ ಸಾಗಿಸುವ ಆಡಿಯೋ ಡ್ರೈವರ್ ಕುಸಿದು, ಇಡೀ ಯಂತ್ರವನ್ನೂ ಕೆಡವುತ್ತಿತ್ತು. ಅಂಥದ್ದು ರಾತ್ರೋರಾತ್ರಿ ಸಾಧುವಾಗುವುದೆಂದರೇನು?

ರಿಪೇರಿ ಮಾಡಿದವನು ಬೆಣ್ಣೆ. ಮಾತು ಅಷ್ಟು ನಯವೆಂದು ಆಫೀಸಿನವರೇ ಇಟ್ಟ ಹೆಸರು. ಅವಳು ಹ್ಞೂಂ ಎಂದರೆ, ಈ ಒಂದು ಊರಿನಲ್ಲಿ ಪ್ರಯೋಗಕ್ಕೆಂದು ಹಾಕಿದ್ದ ಅದೇ ಡ್ರೈವರ್ ನಾಳೆ ಎಲ್ಲ ಊರುಗಳ ಆಂಬುಲೆನ್ಸ್ ಕೊಠಡಿಗಳಿಗೂ ಹೋಗುತ್ತದೆ. ಎಡವಟ್ಟಾದರೆ ಹೋಗುವುದು ಯಾರದೋ ಪ್ರಾಣ.

ಅವಳು ತನ್ನ ಮೇಜಿನ ಯಂತ್ರಕ್ಕೂ ಅದನ್ನೇ ಹಾಕಿ ಹೆಡ್‌ಸೆಟ್ಟಿನ ತಂತಿ ಎಳೆದಳು, ಸಿಕ್ಕಿಸಿದಳು, ಮತ್ತೆ ಎಳೆದಳು. ಯಂತ್ರ ಕಮಕ್ ಕಿಮಕ್ ಎನ್ನಲಿಲ್ಲ.

“ಹೇಗಪ್ಪಾ ಸರಿ ಮಾಡಿದೆ?”

“ಬಿಡಿ ಮೇಡಂ, ಅದೆಲ್ಲಾ ದೊಡ್ಡ ತಲೆನೋವು. ಈಗ ಬೀಳ್ತಿಲ್ಲ ತಾನೆ?” ಎಂದು ಬೆಣ್ಣೆ ನಕ್ಕ. ಅವಳ ಮುಖ ಮಾತ್ರ ನೋಡಲಿಲ್ಲ.

ಅವನು ಊಟಕ್ಕೆ ಎದ್ದದ್ದೇ ತಡ, ಅವನು ಬರೆದದ್ದನ್ನು ತೆರೆದು ಓದಿದಳು. ಮೂಲ ದೋಷ ಇದ್ದಲ್ಲೇ ಇತ್ತು. ಹೆಡ್‌ಸೆಟ್ ಕ್ಷಣಕಾಲ ಸಿಗದಿದ್ದರೂ ಗಲಾಟೆ ಮಾಡಬೇಡ, ಆ ಕರೆ ಮುಗಿಯುವತನಕ ಬರೀ ನಿಶ್ಶಬ್ದ ಕೊಡು ಎಂದಷ್ಟೇ ಡ್ರೈವರಿಗೆ ಹೇಳಿಕೊಟ್ಟಿದ್ದ, ಕಳ್ಳ! ಅವಳೇನು ಕಡಿಮೆಯೇ? ಯಂತ್ರ ಬೀಳುತ್ತದೆಯೇ ಎಂದು ಪರದೆಯನ್ನೇ ನೋಡುತ್ತ ಕೂತಿದ್ದಳೇ ಹೊರತು ಹೆಡ್‌ಸೆಟ್ ಕಿವಿಗೆ ಹಾಕಿಕೊಂಡಿರಲಿಲ್ಲ. ತನ್ನ ಮೇಲೇ ಸಿಟ್ಟು ಬಂತು.

ಆದರೂ ಕೊಠಡಿಯಿಂದ ಒಂದು ದೂರೂ ಬಂದಿರಲಿಲ್ಲವಲ್ಲ? ಅವಳ ಅತ್ತಿಗೆ ಅಲ್ಲೇ ಕರೆ ಎತ್ತುವ ಕೆಲಸದಲ್ಲಿದ್ದರು. ಅವರ ಮೊಬೈಲಿಗೆ ಫೋನ್ ಮಾಡಿದಳು.

“ಅತ್ತಿಗೆ, ಹೊಸದು ಹಾಕಿದ್ಮೇಲೆ ಏನಾದ್ರೂ ತೊಂದರೆ ಇದೆಯಾ?”

“ಏನೂ ಇಲ್ಲ ಕಣೇ, ಆರಾಮಾಗಿದೀವಿ. ಪೋಲಿಗಳ ಕಾಟ ಒಂದು ಜಾಸ್ತಿಯಾಗಿದೆ ಅಷ್ಟೇ.”

“ಯಾವ ಪೋಲಿಗಳು?”

“ಫೋನ್ ಮಾಡ್ತಾರೆ, ತುಟಿ ಪಿಟಕ್ ಅನ್ನಲ್ಲ. ಹಲೋ ಹಲೋ ಅಂತ ಕಿರುಚಿ ಸಾಕಾಗಿ ಕಟ್ ಮಾಡ್ತೀವಿ. ಒಬ್ಬನಂತೂ ಮೇಲಿಂದ ಮೇಲೆ ಮಾಡಿದ್ದೇ ಮಾಡಿದ್ದು. ತಲೆ ಕೆಟ್ಟು ಆ ನಂಬರನ್ನೇ ಬ್ಲಾಕ್ ಮಾಡಿಸ್ಬಿಟ್ಟೆ.”

ಅವಳು ಕುರ್ಚಿಯಿಂದ ಎದ್ದುಬಿಟ್ಟಳು.

“ಅತ್ತಿಗೆ, ಅವನು ಮಾತಾಡ್ತಿದ್ದ. ನಿಮಗೆ ಕೇಳ್ಸಿಲ್ಲ. ಆ ಹೆಡ್‌ಸೆಟ್ ಬೇಡ, ಈ ಮೊಬೈಲಿಂದಲೇ ಅವನಿಗೆ ವಾಪಸ್ ಮಾಡಿ. ಈಗ್ಲೇ ಮಾಡಿ!”



“ಅವನು ಫೋನ್ ಮಾಡಿದ್ದು ಮೊನ್ನೆ ಕಣೇ,” ಎಂದರು ಅತ್ತಿಗೆ.