ಏಳು ನಿಮಿಷ ಮುಂದಿದ್ದ ಮನುಷ್ಯ

ಆಮರಿ ಲೋಥ್ರಪ್ ಅವರಿಗೆ ಎರಡು ನಡಿಗೆಗಳಿದ್ದವು. ಸೋಮವಾರದಿಂದ ಶನಿವಾರದವರೆಗಿನದು ಕಾಲೆಳೆಯುವ ನಡಿಗೆ. ಆ ನಡಿಗೆಯಲ್ಲಿ ಅವರು ಧಕ್ಕೆಗೆ ಹೋಗಿ, ದೋಣಿಯ ಹಗ್ಗದ ಗಂಟು ಸರಿಯಿದೆಯೇ ಎಂದು ನೋಡಿ, ಸರಿಯಾಗಿಯೇ ಇದ್ದ ಗಂಟನ್ನು ಬಿಚ್ಚಿ, ಮತ್ತೆ ಹಾಗೆಯೇ ಕಟ್ಟಿ ವಾಪಸಾಗುತ್ತಿದ್ದರು. ಭಾನುವಾರದ್ದು ಬೇರೆ. ಅಂದು ಬೆನ್ನು ನೆಟ್ಟಗಾಗಿ, ಗದ್ದ ಮೇಲೆದ್ದು, ಎಪ್ಪತ್ತಮೂರು ವರ್ಷದ ಮೊಣಕಾಲುಗಳು ದೂರು ಹೇಳುವುದನ್ನು ಮರೆತು, ಹಿಂದೆ ಕಾಣದ ಸೈನ್ಯವೊಂದು, ಅದರ ಹಿಂದೆ ಕಾಣದ ವಾದ್ಯಮೇಳವೊಂದು ಬರುತ್ತಿದೆಯೇನೋ ಎಂಬಂತೆ ಅವರು ಜುನಿಪರ್ ಪೊದೆಗಳ ನಡುವಿನ ದಾರಿಯಲ್ಲಿ ಚರ್ಚಿನ ಗುಡ್ಡ ಹತ್ತುತ್ತಿದ್ದರು. ಅವರಂತೆಯೇ ಗ್ರಿಂಡಲ್ ದ್ವೀಪಕ್ಕೆ ಬೇಸಿಗೆ ಕಳೆಯಲು ಬರುವ ನಾವೆಲ್ಲ ಆ ನಡಿಗೆ ನೋಡಿ ಕೈಲಿದ್ದ ಕಾಫಿಯನ್ನು ಅಲ್ಲೇ ಬಿಟ್ಟು ಟೊಪ್ಪಿಗೆ ಹುಡುಕುತ್ತಿದ್ದೆವು.

ಅವರ ಅಂಗಿಯ ಮೇಲಿನ ಕೋಟು ಮೂಲದಲ್ಲಿ ನೀಲಿ ಗೆರೆಗಳದ್ದಾಗಿತ್ತೆಂದು ಇತಿಹಾಸ ಬಲ್ಲವರು ಹೇಳುತ್ತಿದ್ದರು. ಅಜ್ಜನ ಮೈಮೇಲೆ ನೀಲಿಯಾಗಿದ್ದು, ಅಪ್ಪನ ಮೈಮೇಲೆ ಬೂದು ಬಣ್ಣಕ್ಕೆ ತಿರುಗಿ, ಇವರ ಮೈಮೇಲೆ ಅದು ಯಾವ ಬಣ್ಣವೂ ಅಲ್ಲದ ಒಂದು ವೈರಾಗ್ಯದ ಸ್ಥಿತಿಗೆ ತಲುಪಿತ್ತು. ಮೊಣಕೈಗೆ ತೇಪೆ, ತೇಪೆಗೊಂದು ತೇಪೆ. ಎಡಗಡೆಯ ಜೇಬು ಮಾತ್ರ ಒಂದು ಗೇಣು ಕೆಳಗೆ ಜೋತಿತ್ತು. ಯಾಕೆಂದರೆ ಮೂರು ತಲೆಮಾರುಗಳಿಂದ ಆ ಜೇಬಿನಲ್ಲಿ ಅಜ್ಜ ಗಿಡಿಯನ್ ಲೋಥ್ರಪ್ಪರ ಗಡಿಯಾರ ಕೂತಿತ್ತು.

ಆ ಗಡಿಯಾರ ಏಳು ನಿಮಿಷ ಮುಂದೆ. ಅದು ಕೆಟ್ಟು ಮುಂದಾದದ್ದಲ್ಲ, ವ್ರತ ಹಿಡಿದು ಮುಂದಿದ್ದದ್ದು. ಗಿಡಿಯನ್ ಅಜ್ಜ ಒಮ್ಮೆ ದಡದ ಊರಿನಲ್ಲಿ ದ್ವೀಪದ ಉಗಿಹಡಗು ತಪ್ಪಿಸಿಕೊಂಡು, ಇನ್ನು ಜನ್ಮದಲ್ಲಿ ತಪ್ಪಬಾರದೆಂದು ಮುಳ್ಳನ್ನು ಏಳು ನಿಮಿಷ ಮುಂದಕ್ಕೆ ತಿರುಗಿಸಿದ. ಮರುವರ್ಷವೇ ಆ ಹಡಗಿನ ಓಡಾಟ ನಿಂತುಹೋಯಿತು. ಏಳು ನಿಮಿಷ ನಿಲ್ಲಲಿಲ್ಲ. ಅಜ್ಜ ಗುಡ್ಡದ ಮೇಲೆ ಕಡಲಿಗೆ ಮುಖಮಾಡಿ ಸೇಂಟ್ ಬ್ರೆಂಡನ್ನನ ಹೆಸರಿನ ಮರದ ಚರ್ಚು ಕಟ್ಟಿಸಿದಾಗ, ಆ ಏಳು ನಿಮಿಷಗಳು ಕಲ್ಲಿನ ಅಡಿಪಾಯದೊಂದಿಗೆ ಅದರೊಳಗೆ ಸೇರಿಕೊಂಡವು. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ತೆರೆದಿರುವ, ಹನ್ನೆರಡು ಬೆಂಚುಗಳ, ಸದಾ ಉಪ್ಪು ಮತ್ತು ಹಳೆಯ ಪುಸ್ತಕದ ವಾಸನೆ ಬರುವ ಆ ಚರ್ಚಿನಲ್ಲಿ ಹತ್ತು ಗಂಟೆ ಎಂದರೆ, ಲೋಕದ ಲೆಕ್ಕದಲ್ಲಿ ಹತ್ತಕ್ಕೆ ಏಳು ನಿಮಿಷ ಇರುವಾಗ. ದ್ವೀಪದವರಿಗೆ ಇದು ಹುಟ್ಟಿನಿಂದ ಗೊತ್ತು. ಎರಡು ವಾರಕ್ಕೊಬ್ಬರಂತೆ ರಜೆಯ ಮೇಲೆ ಬರುವ ಪಾದ್ರಿಗಳಿಗೆ ಮಾತ್ರ ಧಕ್ಕೆಯಲ್ಲೇ ದೀಕ್ಷೆ ಕೊಡಬೇಕಾಗುತ್ತಿತ್ತು.

ಗಂಟೆ ಹೊಡೆಯುವುದೂ ಬಾಗಿಲು ಮುಚ್ಚುವುದೂ ಲೋಥ್ರಪ್ಪರ ಹಕ್ಕು. ಗಂಟೆಯ ಕೊನೆಯ ನಾದ ನಿಂತ ಕ್ಷಣ ಬಾಗಿಲು ಮುಚ್ಚಬೇಕು. ಮೊದಲ ಕೀರ್ತನೆ ಮುಗಿಯುವವರೆಗೆ ತೆರೆಯಬಾರದು. ಅಜ್ಜನ ಈ ಕಾನೂನನ್ನು ಆಮರಿ ನಲವತ್ತಾರು ಬೇಸಿಗೆಗಳು ನಡೆಸಿದರು. ಒಮ್ಮೆ ಬಿಷಪ್ಪರೊಬ್ಬರು ದಂಡ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತು, ಐದು ಚರಣಗಳಷ್ಟು ಕಾಲ ಸೊಳ್ಳೆಗಳಿಗೆ ಧರ್ಮೋಪದೇಶ ಮಾಡಿದರು. ಇನ್ನೊಮ್ಮೆ ಹೊರಗುಳಿದದ್ದು ಹೂಗುಚ್ಛ ಹಿಡಿದಿದ್ದ ಅವರ ಹೆಂಡತಿ ಹೆಸ್ಟರ್.

"ರೀ, ಇದು ದೇವರಿಗೆ ತಂದ ಹೂವು ಕಣ್ರೀ!" ಎಂದು ಹೆಸ್ಟರ್ ಕಿಟಕಿಯಿಂದ ಕೂಗಿದರು.

"ಹೂವು ಒಳಗೆ ಕೊಡು. ನೀನು ಕೀರ್ತನೆ ಆದ್ಮೇಲೆ ಬಾ."

ಹೂವು ಕಿಟಕಿಯಿಂದ ಒಳಬಂತು. ಆ ಭಾನುವಾರ ಮಧ್ಯಾಹ್ನ ಆಮರಿಯವರಿಗೆ ತಣ್ಣಗಿನ ಮೀನು ಸಿಕ್ಕಿತು ಎಂಬುದನ್ನು ದ್ವೀಪವೆಲ್ಲ ಸಂತೋಷದಿಂದ ಸ್ಮರಿಸುತ್ತದೆ.

ಇಷ್ಟೆಲ್ಲ ನಗುವುದಕ್ಕೆ ಚೆಂದ. ನಗಲಾಗದ್ದು ಅವರ ತಮ್ಮ ನೆಡ್‌ನ ಸಂಗತಿ.

ನೆಡ್ ನಾಲ್ಕು ವರ್ಷ ಚಿಕ್ಕವನು. ಬಾಲ್ಯದಲ್ಲಿ ಇಬ್ಬರೂ ಕೂರುತ್ತಿದ್ದದ್ದು ಎಡಸಾಲಿನ ಮೂರನೆಯ ಬೆಂಚಿನಲ್ಲಿ, ನೆಡ್ ಕಿಟಕಿಯ ಪಕ್ಕ. ಉಪದೇಶ ಉದ್ದವಾದಾಗ ಅಣ್ಣನ ತೊಡೆ ಚಿವುಟಿ, ತಾನು ಕಿಟಕಿಯಾಚೆಯ ಕಡಲಹಕ್ಕಿಗಳನ್ನು ಭಕ್ತಿಯಿಂದ ನೋಡುತ್ತಿದ್ದ ಪ್ರಾಣಿ ಅದು. ಬಾಲ್ಯದ ಜ್ವರದಿಂದ ಎಡಗಾಲು ಗಿಡ್ಡವಾಗಿ, ಒಂದು ಹೆಜ್ಜೆ ಉದ್ದ ಒಂದು ಹೆಜ್ಜೆ ಮೋಟು ಇಡುತ್ತ, ಅಣ್ಣನ ಹಿಂದೆ ಗುಡ್ಡ ಹತ್ತುತ್ತಿದ್ದ. ಇಬ್ಬರ ದೀಕ್ಷಾಸ್ನಾನ, ಮದುವೆ ಎಲ್ಲ ಅಲ್ಲೇ. ಅಪ್ಪ ಅಮ್ಮಂದಿರ ಬೂದಿಯನ್ನು ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಚರ್ಚಿನ ಕೆಳಗಿನ ಬಂಡೆಗಳ ಬಳಿ ಕಡಲಿಗೆ ಬಿಟ್ಟಿದ್ದರು.

ಆಮರಿಗೆ ನಲವತ್ತೆರಡು ತುಂಬಿದ ಬೇಸಿಗೆ, ಗಡಿಯಾರದ ಗಾಜು ಬಿರುಕು ಬಿಟ್ಟಿತ್ತು. ಗಾಜು ಹಾಕಿಸಿಕೊಂಡು ಬರುತ್ತೇನೆಂದು ನೆಡ್ ಅದನ್ನು ದಡಕ್ಕೆ ಒಯ್ದ. ಗಾಜು ಹಾಕಿಸಿದ, ಒಳಗಿನ ಧೂಳು ತೆಗೆಸಿದ, ಜೊತೆಗೆ ಅಣ್ಣನಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಸಮಯವನ್ನೂ ಸರಿಮಾಡಿಸಿದ. ಶನಿವಾರ ಸಂಜೆ ಗಡಿಯಾರ ಕೈಗಿಟ್ಟವನು ಆ ವಿಷಯ ಮಾತ್ರ ಹೇಳಲಿಲ್ಲ. ಭಾನುವಾರ ನಸುಕಿನಲ್ಲಿ ಅಷ್ಟೇ ಮುಂದಿರುತ್ತಿದ್ದ ಅಣ್ಣನ ಅಡುಗೆಮನೆಯ ಗೋಡೆ ಗಡಿಯಾರವನ್ನೂ ಏಳು ನಿಮಿಷ ಹಿಂದಕ್ಕೆ ತಿರುಗಿಸಿ, ಹಳೆಯ ಲೆಕ್ಕದ ಹತ್ತಕ್ಕೆ ತಾನೇ ಗಂಟೆ ಹೊಡೆಯಲೆಂದು ಮೊದಲೇ ಚರ್ಚಿಗೆ ಹೋಗಿ ಕೂತ.

ಮುಂದಿನದು ನಮ್ಮ ದ್ವೀಪದ ಮಹಾಯುದ್ಧ. ಆಮರಿ ತಮ್ಮ ಸೈನ್ಯ, ವಾದ್ಯಮೇಳಗಳೊಂದಿಗೆ ಜುನಿಪರ್ ದಾರಿಯ ಅರ್ಧದಲ್ಲಿದ್ದಾಗ ಗುಡ್ಡದ ಮೇಲೆ ಗಂಟೆ ಹೊಡೆಯತೊಡಗಿತು. ತಾವಿಲ್ಲದೆ ಗಂಟೆಯೇ! ಅವರು ನಿಂತರು, ಗಡಿಯಾರ ನೋಡಿದರು, ಕಿವಿಗೆ ಹಿಡಿದರು, ಆಮೇಲೆ ಓಡಿದರು. ಆಮರಿ ಲೋಥ್ರಪ್ ಓಡಿದ್ದನ್ನು ಕಂಡವರು ನಾವು ಬಹಳ ಮಂದಿಯಿಲ್ಲ. ಕಂಡವರು ಇಂದಿಗೂ ಕೈಗಳನ್ನು ಬೀಸಿ ತೋರಿಸುತ್ತೇವೆ. ಮೆಟ್ಟಿಲು ತಲುಪುವ ಹೊತ್ತಿಗೆ ಗಂಟೆ ನಿಂತಿತು. ಒಳಗಿನಿಂದ ನೆಡ್, ತುಟಿ ಕಚ್ಚಿ ನಗು ತಡೆದುಕೊಂಡು, ಬಾಗಿಲು ಮುಚ್ಚಿದ.

ನಾಲ್ಕು ಚರಣಗಳ ಕೀರ್ತನೆ. ಅಷ್ಟೂ ಹೊತ್ತು ಆಮರಿ ಹೊರಗೆ. ಒಳಗೆ ನಾವು ಹಾಡಿದೆವೋ ನಕ್ಕೆವೋ, ದೇವರಿಗೇ ಗೊತ್ತು. ಬಾಗಿಲು ತೆರೆದಾಗ ಅವರ ಮುಖ ಸುಣ್ಣ ಬಳಿದಂತಿತ್ತು.

"ಗಡಿಯಾರ ಸರಿಮಾಡ್ಸಿದ್ದು ನಾನೇ. ಹತ್ತು ಅಂದ್ರೆ ಹತ್ತೇ ಅಲ್ವೇನೋ ಅಣ್ಣ," ಎಂದ ನೆಡ್. "ಅಜ್ಜ ಹಡಗು ತಪ್ಪಿಸ್ಕೊಂಡಿದ್ದಕ್ಕೆ ನಾವ್ಯಾಕೆ ಏಳು ನಿಮಿಷ ಕಮ್ಮಿ ಬದುಕ್ಬೇಕು?"

ಆಮರಿ ಎಲ್ಲರೆದುರು ಜೇಬಿನಿಂದ ಗಡಿಯಾರ ತೆಗೆದು, ಮುಳ್ಳನ್ನು ಏಳು ನಿಮಿಷ ಮುಂದಕ್ಕೆ ತಿರುಗಿಸಿದರು. "ಇದಕ್ಕೆ ಕೈ ಹಾಕಿದವನು ಇನ್ಮೇಲೆ ಈ ಮೆಟ್ಲು ಹತ್ತೋದು ಬೇಡ."

ಕೋಪದಲ್ಲಿ ಆಡಿದ ಮಾತು. ಮಧ್ಯಾಹ್ನದ ಊಟಕ್ಕೆ ಅದು ತಣಿಯುತ್ತದೆಂದು ಎಲ್ಲರೂ ಎಣಿಸಿದೆವು. ನೆಡ್ ಊಟಕ್ಕೆ ಇರಲಿಲ್ಲ. ಅವನು ಸಂಜೆಯ ದೋಣಿಗೂ ಕಾಯದೆ ಹೋಗಿ, ಕಡಲೇ ಕಾಣದ ಮಿನೆಸೋಟದಲ್ಲಿ ನೆಲೆನಿಂತ. ಕ್ರಿಸ್‌ಮಸ್ಸಿಗೆ ಹೆಂಡತಿಯರ ನಡುವೆ ಕಾರ್ಡು ಓಡಾಡುತ್ತಿತ್ತು. ಚರ್ಚಿನಲ್ಲಿ ಕಿಟಕಿಯ ಪಕ್ಕದ ಅವನ ಜಾಗದಲ್ಲಿ ಯಾರನ್ನೂ ಕೂರಲು ಬಿಡದೆ, ಹೆಸ್ಟರ್ ತಮ್ಮ ಕೈಚೀಲ ಇಡುತ್ತಿದ್ದರು. ಆಮರಿ ಪ್ರತಿ ಸೆಪ್ಟೆಂಬರಿನಲ್ಲಿ ಚರ್ಚಿನ ಕಿಟಕಿಗಳಿಗೆ ಹಲಗೆ ಬಡಿಯುವಾಗ, ಆ ಕಿಟಕಿಯ ಹಲಗೆಯನ್ನು ಕೊನೆಗೆ ಬಡಿದು, "ಬರೋ ಬೇಸಿಗೆಗೆ ಕಾಗದ ಬರೀಬೇಕು ಅವನಿಗೆ" ಎನ್ನುತ್ತಿದ್ದರು. ಹೀಗೆ ಮೂವತ್ತೊಂದು ಸಲ.

ಬಂದದ್ದು ಕಾಗದವಲ್ಲ, ನೆಡ್‌ನೇ. ಹೋದ ವರ್ಷ ಜುಲೈ ಎರಡನೆಯ ಭಾನುವಾರ. ಬೆಳಗಿನ ಮಂಜು ಸರಿದು ಮೆಟ್ಟಿಲ ಕಲ್ಲಿಗೆ ಬಿಸಿಲು ಬಿದ್ದಿತ್ತು. ಆಮರಿ ಗಂಟೆ ಹೊಡೆದು ಮುಗಿಸಿ, ಬಾಗಿಲಿನ ಚಿಲಕಕ್ಕೆ ಕೈಯಿಟ್ಟು, ವಾಡಿಕೆಯಂತೆ ದಾರಿಯ ಕಡೆ ಕೊನೆಯ ನೋಟ ಹಾಯಿಸಿದರು. ಅರವತ್ತು ಮಾರು ಕೆಳಗೆ, ಜುನಿಪರ್ ತಿರುವಿನಲ್ಲಿ, ದೋಣಿಯಲ್ಲಿ ತೊಯ್ದು ನೀರಿಳಿಯುವ ಹಳದಿ ಮಳೆಕೋಟು ತೊಟ್ಟ ಮುದುಕನೊಬ್ಬ ಹತ್ತಿ ಬರುತ್ತಿದ್ದ. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಮೋಟು.

ಮುಖ ನೋಡುವ ಅಗತ್ಯವಿರಲಿಲ್ಲ. ಆಮರಿಯ ಬಲಗೈ ಚಿಲಕದ ಮೇಲೆ, ಎಡಗೈ ಗಡಿಯಾರದ ಮೇಲೆ. ಗಡಿಯಾರದಲ್ಲಿ ಹತ್ತು. ನೆಡ್‌ಗೆ ಇನ್ನು ಎರಡು ನಿಮಿಷದ ದಾರಿ. ಎರಡೇ ನಿಮಿಷ ಬಾಗಿಲು ಹಿಡಿದುಕೊಂಡು ನಿಂತಿದ್ದರೆ ಆಕಾಶ ಬೀಳುತ್ತಿರಲಿಲ್ಲ ಎಂದು ಆಮೇಲೆ ಅವರು ಹೆಸ್ಟರ್ ಬಳಿ ಎಷ್ಟೋ ಸಲ ಹೇಳಿಕೊಂಡರು. ಆ ಕ್ಷಣದಲ್ಲಿ ತಲೆಗೆ ಬಂದದ್ದು ಬೇರೆ. ಬಿಷಪ್ಪರಿಗೆ ತೆರೆಯದ ಬಾಗಿಲು, ಹೆಸ್ಟರ್‌ಗೆ ತೆರೆಯದ ಬಾಗಿಲು. ನೆಡ್ ಈ ಮನೆಯವನು, ಅವನಿಗೆ ಕಾನೂನು ಗೊತ್ತು, ಒಂದು ಕೀರ್ತನೆಯ ಹೊತ್ತು ಕಾಯುತ್ತಾನೆ. ಕೀರ್ತನೆ ಮುಗಿದದ್ದೇ ನಾನೇ ತೆರೆದು, ಕೈಹಿಡಿದು, ಎಲ್ಲರೆದುರು ಮೂರನೆಯ ಬೆಂಚಿಗೆ ಕರೆದೊಯ್ಯುತ್ತೇನೆ. ಹೀಗೆ ಯೋಚಿಸಿ, ಸಂತೋಷದಿಂದ, ಹೌದು, ಸಂತೋಷದಿಂದಲೇ, ಅವರು ಬಾಗಿಲು ಮುಚ್ಚಿದರು.

ಆ ವಾರದ ಪಾದ್ರಿಗೆ ಉದ್ದದ ಕೀರ್ತನೆಗಳೆಂದರೆ ಪ್ರಾಣ. ಆರು ಚರಣ. ಕಾಲಿನಿಂದ ಒತ್ತುವ ಹಳೆಯ ಹಾರ್ಮೋನಿಯಮ್ಮಿನ ಮುಂದೆ ದ್ವೀಪದವರೇ ಆದ ಪ್ರೂಡೆನ್ಸ್ ಬೀಲ್. ಆಕೆ ಯಾವ ಕೀರ್ತನೆಯನ್ನೂ ಬಲೆಯೆಳೆಯುವ ವೇಗಕ್ಕಿಂತ ಜೋರಾಗಿ ನುಡಿಸಿದವರಲ್ಲ. ಎರಡನೆಯ ಚರಣಕ್ಕೆ ಹೊರಗೆ ಕೆಮ್ಮು ಕೇಳಿಸಿತು. ಅಣ್ಣತಮ್ಮಂದಿರ ನಡುವೆ ಎರಡು ಬೆರಳು ದಪ್ಪದ ಹಲಗೆ. ನಾಲ್ಕನೆಯ ಚರಣಕ್ಕೆ ಆಮರಿ, "ಬೇಗ, ಬೇಗ" ಎಂದು ಪ್ರೂಡೆನ್ಸ್ ಕಡೆ ಕೈಯಾಡಿಸಿದರು. ನಲವತ್ತಾರು ಬೇಸಿಗೆಗಳಲ್ಲಿ ಅಂಥದನ್ನು ಕಾಣದ ಆಕೆ, ಸೊಳ್ಳೆ ಓಡಿಸುತ್ತಿದ್ದಾರೆಂದುಕೊಂಡು ಇನ್ನಷ್ಟು ಭಕ್ತಿಯಿಂದ ನುಡಿಸಿದರು. ಆರನೆಯ ಚರಣ, ಆಮೆನ್. ಆಮರಿ ಬಾಗಿಲನ್ನು ಕಿತ್ತು ತೆಗೆಯುವಂತೆ ತೆಗೆದರು.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ, ಒದ್ದೆ ಮಳೆಕೋಟಿನವನೊಬ್ಬ ಕೂತೆದ್ದ ಗುರುತು. ಅವರು ನೋಡುತ್ತಿದ್ದಂತೆ ಅದು ಅಂಚಿನಿಂದ ಒಣಗುತ್ತ ಚಿಕ್ಕದಾಗುತ್ತಿತ್ತು.

ಅವರು ಧಕ್ಕೆಗೆ ಹೊರಟರು. ಪ್ರಾರ್ಥನೆಯ ನಡುವೆ ಲೋಥ್ರಪ್ಪನೊಬ್ಬ ಚರ್ಚು ಬಿಟ್ಟದ್ದು ಅದೇ ಮೊದಲು. ಆದರೆ ಓಡಲಿಲ್ಲ. ಹಿಂದೊಮ್ಮೆ ಓಡಿ ನಗೆಪಾಟಲಾದ ದಾರಿ ಅದು. ಅದೇ ದಾರಿಯಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಗದ್ದ ಎತ್ತಿ, ಭಾನುವಾರದ ನಡಿಗೆಯನ್ನೇ ನಡೆದರು. ಧಕ್ಕೆ ಮುಟ್ಟಿದಾಗ ದೋಣಿ ಕೊಲ್ಲಿಯ ಬಾಯಿ ದಾಟುತ್ತಿತ್ತು. ಹಿಂಬದಿಯಲ್ಲಿ ಒಂದು ಹಳದಿ ಚುಕ್ಕೆ.

ಮಧ್ಯಾಹ್ನ ಮರಳಿದ ದೋಣಿಯ ಲೀಮನ್ ಬೀಲ್, ಪ್ರೂಡೆನ್ಸರ ಅಣ್ಣ, ಹಗ್ಗ ಸುತ್ತುತ್ತ ಹೇಳಿದ: "ಬರೋವಾಗ ಕೇಳಿದ್ರು, ಗಡಿಯಾರ ಇನ್ನೂ ಏಳು ನಿಮಿಷ ಮುಂದೇನಾ ಅಂತ. ಹೂಂ ಅಂದೆ. ಅಯ್ಯೋ ಹಂಗಾದ್ರೆ ಬೇಗ ಹತ್ಬೇಕಲ್ಲ ಮಾರಾಯ, ಈ ಕಾಲಿಟ್ಕೊಂಡು ಅಂತ ನಕ್ಕರು."

"ಹೋಗೋವಾಗ?" ಎಂದರು ಆಮರಿ.

ಲೀಮನ್ ಹಗ್ಗವನ್ನೇ ನೋಡಿದ. "ನೀವು ಬಾಗ್ಲಲ್ಲಿ ನಿಂತಿದ್ದು ಕಾಣಿಸ್ತು ಅಂದ್ರು, ಅಷ್ಟೇ."

ಆ ರಾತ್ರಿಯೇ ಆಮರಿ ಕಾಗದಕ್ಕೆ ಕೂತರು. ಮೊದಲ ಕರಡಿನಲ್ಲಿ ಅಜ್ಜನ ಕಾನೂನು, ಎರಡನೆಯದರಲ್ಲಿ ಬಿಷಪ್ಪರ ದೃಷ್ಟಾಂತ, ಮೂರನೆಯದರಲ್ಲಿ ಆರು ಚರಣಗಳ ಪಾದ್ರಿಯ ಮೇಲೆ ದೂರು.

"ವಾದ ಬರೀತಿದ್ದೀರೋ ಕಾಗದ ಬರೀತಿದ್ದೀರೋ?" ಎಂದರು ಹೆಸ್ಟರ್. "ಬಾ ಅಂತ ಬರೀರಿ. ಒಂದೇ ಅಕ್ಷರ."

"ಅದು ಕಾಗದದಲ್ಲಿ ಹೇಳೋ ಮಾತಲ್ಲ ಕಣೇ. ಬರೋ ಬೇಸಿಗೆ ನಾನೇ ಫೋನ್ ಮಾಡಿ ಕರೀತೀನಿ. ಬಾಗಿಲು ಹಿಡ್ಕೊಂಡು ನಿಂತಿರ್ತೀನಿ, ನೋಡ್ತಿರು."

ಫೆಬ್ರವರಿಯಲ್ಲಿ, ಹಿಮ ಕಿಟಕಿಯ ಅರ್ಧಕ್ಕೆ ಬಂದಿದ್ದ ಒಂದು ಬೆಳಿಗ್ಗೆ, ಮಿನೆಸೋಟದಿಂದ ನೆಡ್‌ನ ಹೆಂಡತಿ ಫೋನು ಮಾಡಿದರು. ಹೆಸ್ಟರ್ ಫೋನು ಕೆಳಗಿಟ್ಟು, ನೆಡ್ ತೀರಿಕೊಂಡನಂತೆ ಎಂದದ್ದನ್ನು ಕೇಳಿ ಆಮರಿ ಜೇಬಿನಿಂದ ಗಡಿಯಾರ ತೆಗೆದು ನೋಡಿದರಂತೆ. ಯಾಕೆ ನೋಡಿದರೆಂದು ಅವರಿಗೂ ಗೊತ್ತಿರಲಿಲ್ಲ.

ಈ ಬೇಸಿಗೆ ನಾವು ಮತ್ತೆ ದ್ವೀಪಕ್ಕೆ ಬಂದೆವು. ಮೊದಲ ಭಾನುವಾರ ಆಮರಿ ಕಾಲೆಳೆಯುತ್ತ ಗುಡ್ಡ ಹತ್ತಿದರು. ಸೈನ್ಯ, ವಾದ್ಯಮೇಳ ಎಲ್ಲ ಚದುರಿಹೋಗಿದ್ದವು. ತಮ್ಮ ಗಡಿಯಾರದ ಹತ್ತಕ್ಕೆ ಸರಿಯಾಗಿ ಗಂಟೆ ಹೊಡೆದರು. ಕೊನೆಯ ನಾದ ನಿಂತಿತು. ನಾವು ಬಾಗಿಲಿನ ಸದ್ದಿಗೆ ಕಾದೆವು. ಸದ್ದು ಬರಲಿಲ್ಲ. ತಿರುಗಿ ನೋಡಿದರೆ, ಅವರು ಕಡಲತೀರದಿಂದ ಹೊತ್ತು ತಂದಿದ್ದ ದುಂಡುಕಲ್ಲನ್ನು ತೆರೆದ ಬಾಗಿಲಿಗೆ ಅಡ್ಡವಿಟ್ಟು, ಮೆಟ್ಟಿಲ ಮೇಲೆ ದಾರಿಗೆ ಮುಖಮಾಡಿ ನಿಂತಿದ್ದರು.

"ಶುರು ಮಾಡ್ಲಾ ಆಮರಿ?" ಎಂದರು ಪ್ರೂಡೆನ್ಸ್, ಬೆರಳುಗಳನ್ನು ಗಾಳಿಯಲ್ಲೇ ಹಿಡಿದು.

"ತಡಿ."

"ಎಷ್ಟೊತ್ತು?"

"ಏಳು ನಿಮಿಷ."

ಗಡಿಯಾರದ ಮುಳ್ಳು ತಿರುಗಿಸಲು ಅವರಿಂದ ಆಗಲಿಲ್ಲ. ಅದು ಲೋಥ್ರಪ್ಪರಿಂದ ಆಗುವ ಕೆಲಸವಲ್ಲ. ಅದನ್ನು ಹಾಗೆಯೇ ಬಿಟ್ಟು, ತಾವೇ ಏಳು ನಿಮಿಷ ನಿಂತರು. ಸೊಳ್ಳೆಗಳು ಒಳಬಂದವು, ಒಂದು ಕಡಲಹಕ್ಕಿ ಹೊಸ್ತಿಲವರೆಗೆ ಬಂದು ಇಣುಕಿ ನೋಡಿತು, ಮೂರನೆಯ ಬೆಂಚಿನಲ್ಲಿ ಹೆಸ್ಟರ್ ಕೈಚೀಲವನ್ನು ತೊಡೆಯ ಮೇಲೆತ್ತಿಕೊಂಡು ಕಿಟಕಿಯ ಪಕ್ಕ ಜಾಗ ಬಿಟ್ಟರು. ಆಮೇಲೆ ಲೋಕಕ್ಕೆಲ್ಲ ಹತ್ತು ಗಂಟೆಯಾಗಿದ್ದ ಹೊತ್ತಿಗೆ ನಮ್ಮ ಚರ್ಚಿನಲ್ಲೂ ಮೊದಲ ಕೀರ್ತನೆ ಶುರುವಾಯಿತು. ಬೇಸಿಗೆಯುದ್ದಕ್ಕೂ ಅದೇ ಕ್ರಮ. ಈ ಸಲ ಯಾರೂ ನಗಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ನಕ್ಕವರು ನಾವೇ ಅಲ್ಲವೇ.

ಬೇಸಿಗೆಯ ಜನರೆಂದರೆ ನಾವು ಇಷ್ಟೇ. ವರ್ಷದ ಹತ್ತು ತಿಂಗಳನ್ನು ಹೇಗೋ ದೂಡಿ, ಉಳಿದೆರಡರಲ್ಲಿ ಮಾತ್ರ ನಿಜವಾಗಿ ಬದುಕುತ್ತೇವೆಂದು ನಂಬಿದವರು; ಆಡಬೇಕಾದ ಒಳ್ಳೆಯ ಮಾತುಗಳನ್ನೆಲ್ಲ ದೋಣಿಯ ಹಾಯಿಯಂತೆ ಮಡಿಸಿ ಮುಂದಿನ ಜುಲೈಗೆ ತೆಗೆದಿಡುವವರು. ನಮ್ಮಲ್ಲಿ ಆಮರಿಯಂಥವರು ಮನೆಗೊಬ್ಬರಿರುತ್ತಾರೆ. ತಡವಾಗಬಾರದೆಂದು ಜೀವಮಾನವಿಡೀ ಏಳು ನಿಮಿಷ ಮುಂದೆ ನಡೆದು, ಹತ್ತಿರದವರ ವಿಷಯದಲ್ಲಿ ಮಾತ್ರ ತಡವಾಗಿಬಿಡುತ್ತಾರೆ. ಅವರ ಎದೆ ಕಲ್ಲಲ್ಲ. ಇನ್ನೊಂದು ಕೀರ್ತನೆ ಮುಗಿಯಲಿ ಎಂದು ಚಿಲಕ ಹಿಡಿದು ಕಾದಿರುತ್ತಾರೆ, ಒಳಗಡೆ. ಹೊರಗಿನಿಂದ ನೋಡುವವನಿಗೆ ಅದು ಮುಚ್ಚಿದ ಬಾಗಿಲು.