ಗಾಜಿನ ಮೇಲಿನ ಬಿಸಿಲು

ವಿನೆಗರ್ ವಾಸನೆ, ಎಲ್ಲಿಂದ ಇದು, ಹಾಂ, ಫುವಾದ್, ಅಣ್ಣನ ಗ್ಯಾರೇಜಿನ ಷಟರಿನ ಹತ್ತಿರ ನಿಂತು ಮೊಳದುದ್ದದ ಬ್ರೆಡ್ಡಿಗೆ ಕರಿದ ಆಲೂಗಡ್ಡೆ ತುರುಕಿದ್ದನ್ನು ಕಚ್ಚುತ್ತಿದ್ದಾನೆ, ಗಂಡನ ಚಿಕ್ಕಪ್ಪನ ಮಗ, ಕೇಪ್ ಟೌನಿನ ಯಾವ ಗ್ಯಾರೇಜಿನಲ್ಲಿ ಎಂಜಿನ್ ಕೆಮ್ಮಿದರೂ ಕರೆಯದೆ ಬರುವ ನೆಂಟ, ಇವತ್ತು ಬರದೆ ಇರುತ್ತಾನೆಯೇ, ಬರಲಿ, ಈ ಅಥ್ಲೋನ್ ಬಡಾವಣೆಯ ಅರ್ಧ ಬೀದಿಯೇ ಬಂದಿದೆ, ನಿಂತು ನೋಡಲಿ — ರುಗಾಯಾಳ ಕೈ ಸ್ಟಿಯರಿಂಗ್ ಮೇಲೆ, ಕೆಳಗೆ ನಡುಗುತ್ತಿರುವುದು ಕಾರು, ಈ ಪುಟ್ಟ ಬಿಳಿ ಗಾಲ್ಫ್, ಮುಂದಿನ ಚಕ್ರ ಎರಡೂ ಬಲ ಅಳೆಯುವ ರೋಲರಿನ ಮೇಲೆ, ಸುತ್ತ ಪಟ್ಟಿ ಬಿಗಿದು ಹಗ್ಗ ಹಾಕಿದ ಹೋರಿಯ ಹಾಗೆ, ನಿಂತಲ್ಲೇ ಓಡಬೇಕು, ನಿಂತಲ್ಲೇ ತನ್ನ ಬಲ ತೋರಿಸಬೇಕು, ಆಮೇಲೆ ಸಂಜೆಗೆ ಕಿಲಾರ್ನಿಯ ಓಟದ ದಾರಿ, ಅಲ್ಲಿ ಪಟ್ಟಿ ಇಲ್ಲ, ಅಲ್ಲಿ ಅವಳೊಬ್ಬಳೇ. ಹಿಂದಿನ ಸೀಟಿನಲ್ಲಿ ಇನ್ನೂ ಬಿಸ್ಕತ್ತಿನ ಪುಡಿ, ವಾರವೆಲ್ಲ ನೆರೆಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಕಾರು ಇದು, ಮನೆಯ ಒಲೆ ಉರಿಯುವುದೇ ಇದರಿಂದ, ಇದಕ್ಕೆ ಟರ್ಬೋ ಹಾಕ್ತೀನಿ ಅಂದ ದಿನ ಅತ್ತೆ ಚಹಾ ಲೋಟ ಕೆಳಗಿಟ್ಟು, ನಿನ್ಗೇನು ಹದಿನೆಂಟಾ ಅಂದಿದ್ದರು, ಇಲ್ಲ ಅತ್ತೆ, ನಲವತ್ತು ದಾಟಿದೆ, ಅದಕ್ಕೇ ಈಗ್ಲೇ ಹಾಕ್ಬೇಕು. ಟರ್ಬೋದ ಪೆಟ್ಟಿಗೆ ಬಂದ ದಿನ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಬ್ಬಿಣ, ನೀಲಿ ರಬ್ಬರ್ ಪೈಪುಗಳು, ಬೆರಳು ಹಾಕಿ ಒಳಗಿನ ಚಕ್ರವನ್ನು ಒಮ್ಮೆ ತಿರುಗಿಸಿದಳು, ಸದ್ದೇ ಇಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು — ಎಂಜಿನ್ ಹೊರಗೆ ಉಗುಳುವ ಹೊಗೆಯ ಬಲದಿಂದಲೇ ಅದರ ಬಾಯಿಗೆ ಮತ್ತಷ್ಟು ಗಾಳಿ ತುರುಕುವುದು, ಬಿಸಾಡುವ ಉಸಿರಿಗೂ ಕೆಲಸ ಕೊಡುವುದು, ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಬೋಲ್ಟ್ ಒಂದೊಂದನ್ನೂ ಬಿಗಿದವಳು ಅವಳೇ, ಟರ್ಬೋದ ಎಣ್ಣೆ ಮರಳಿ ಇಳಿಯಲು ಎಂಜಿನ್ ತಳದ ಎಣ್ಣೆ ತೊಟ್ಟಿಗೆ ತೂತು ಕೊರೆದವಳೂ ಅವಳೇ, ಕೊರೆಯುವ ಮೊನೆಗೆ ಗ್ರೀಸ್ ಮೆತ್ತಿ, ಲೋಹದ ಪುಡಿ ಒಳಗೆ ಬೀಳದೆ ಗ್ರೀಸಿಗೇ ಅಂಟಲಿ ಅಂತ, ಅದು ಅಣ್ಣ ಕಲಿಸಿದ ಉಪಾಯ, ಅವಳು ಬೂಟಾ ಎಂದು ಕರೆಯುವ ಅಣ್ಣ, ಪೈಪು ಇಳಿಜಾರಾಗೇ ಇರ್ಬೇಕು ರುಗಾ, ಈ ಎಣ್ಣೆ ಇಳಿಯುತ್ತೆ ಅಷ್ಟೇ, ಹತ್ತೋದಿಲ್ಲ. ಗೊತ್ತು ಬೂಟಾ. ಸ್ಟಾರ್ಟ್ ಮಾಡೋಕೆ ಮುಂಚೆ ಎಣ್ಣೆ ಕುಡಿಸು. ಗೊತ್ತು ಬೂಟಾ. ಕಿಡಿಯ ತಂತಿ ಕಿತ್ತಿಟ್ಟು ಎಂಜಿನ್ನನ್ನು ಸುಮ್ಮನೆ ತಿರುಗಿಸಿ ತಿರುಗಿಸಿ, ಕೊನೆಗೆ ಪೈಪಿನ ತುದಿಯಲ್ಲಿ ಜೇನಿನ ಬಣ್ಣದ ಹನಿ ಮೂಡಿದಾಗ ಹೆತ್ತವಳ ಹಾಗೆ ಹಿಗ್ಗಿದ್ದಳು.

ಪಿಸ್ಟನ್ ಮಾತ್ರ ಹಳೆಯವೇ, ಅದೊಂದೇ ಅಂಜಿಕೆ, ಗಾಳಿ ಹೆಚ್ಚಾಗಿ ಬೆಂಕಿ ಹೊತ್ತಿಗೆ ಮುಂಚೆ ಹತ್ತಿಕೊಂಡರೆ ಒಳಗೊಂದು ಬಡಿತ ಹುಟ್ಟುತ್ತದೆ, ಸಣ್ಣಗೆ, ತಗಡಿನ ಡಬ್ಬಿಯಲ್ಲಿ ಜಲ್ಲಿಕಲ್ಲು ಆಡಿಸಿದ ಹಾಗೆ, ಅದು ಕೇಳಿಸಿದ ಮೇಲೂ ಒತ್ತುತ್ತಲೇ ಇದ್ದರೆ ಪಿಸ್ಟನ್ ಬೆಲ್ಲದಂತೆ ಕರಗಿ, ಸೋಮವಾರ ಮಕ್ಕಳೆಲ್ಲ ಬೀದಿಯಲ್ಲಿ. ಆದರೆ ಅಣ್ಣ ಇದ್ದಾನಲ್ಲ, ಇಖ್ಸಾನ್, ಊರಿಗೆಲ್ಲ ಬೂಟಾ, ದೊಡ್ಡಣ್ಣ, ಕಿವಿ ಬೂಟಾ ಎಂದೇ ಅವನ ಹೆಸರು, ತಾಮ್ರದ ನಳಿಗೆಯೊಂದನ್ನು ಎಂಜಿನ್ನಿಗೆ ಬೋಲ್ಟ್ ಹಾಕಿ ಅದರ ರಬ್ಬರ್ ಬಾಲವನ್ನು ಕಿವಿಗೆ ಇಟ್ಟುಕೊಂಡನೆಂದರೆ ಯಾವ ಯಂತ್ರವೂ ಅವನಿಗೆ ಸುಳ್ಳು ಹೇಳಲಾರದು, ದೂರದ ಊರುಗಳಿಂದ ಕಾರು ತರುತ್ತಾರೆ ಆ ಕಿವಿಗಾಗಿ, ಕಂಪ್ಯೂಟರ್ ಇಟ್ಟವರೂ ಕೊನೆಗೆ ಬೂಟಾ ಒಂದ್ಸಲ ಕೇಳಿಬಿಡು ಅನ್ನುತ್ತಾರೆ. ಅವನು ಕೇಳುವಾಗೆಲ್ಲ ಅವಳು ಎದುರಿಗೆ ದೀಪ ಹಿಡಿದು ನಿಲ್ಲಬೇಕು, ಲಂಗ ಹಾಕುತ್ತಿದ್ದ ಕಾಲದಿಂದಲೂ ಅದೇ ಅವಳ ಕೆಲಸ, ಅಲ್ಲಿ ನಿಲ್ಲು, ಮುಖ ಈ ಕಡೆ, ಹಾಂ ಹಾಗೆ. ಇವತ್ತು ದೀಪವಿಲ್ಲ, ಇವತ್ತು ಅವಳು ಸೀಟಿನಲ್ಲಿ, ಮೊದಲ ಸಲ, ತಾನೇ ಕಟ್ಟಿದ್ದನ್ನು ತಾನೇ ಒತ್ತಲು. ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದೆ, ಅಣ್ಣ ಮಡ್‌ಗಾರ್ಡಿನ ಪಕ್ಕ, ರಬ್ಬರ್ ಕಿವಿಗೆ ಇಟ್ಟ, ಕೈ ಎತ್ತಿದ, ಒತ್ತು — ಒತ್ತಿದಳು, ದೇವರೇ, ಎರಡು ಸಾವಿರ ಸುತ್ತು, ಎರಡೂವರೆ, ಏನೂ ಇಲ್ಲ, ಹಳೇ ಗಾಲ್ಫೇ, ಮೂರು, ಆಗ ಎಲ್ಲೋ ಒಂದು ಸಿಳ್ಳು, ಸಣ್ಣದು, ಬೆಳೆಯುತ್ತಿದೆ, ಸೀಟು ಬೆನ್ನಿಗೆ ಒದ್ದಂತಾಯಿತು, ಓಡದೆ ನಿಂತ ಕಾರು ಒದೆಯುವುದು ಹೇಗೆ, ರೋಲರ್ ಹೂಂಕರಿಸುತ್ತಿದೆ, ಗೋಡೆಯ ಮೀಟರಿನ ದೊಡ್ಡ ಮುಳ್ಳು ಎದ್ದಿತು, ಯಾರೋ ಕೂಗಿದರು, ಅವಳೇ ಕೂಗಿದಳೋ, ಮೂರೂವರೆ, ನಾಲ್ಕು — ಟಿಣ್. ಟಿಣ್ ಟಿಣ್. ಜಲ್ಲಿಕಲ್ಲು. ಅಣ್ಣನ ಕೈ ನೋಡಿದಳು, ಈಗ ಇಳಿಸು ಅನ್ನುತ್ತಾನೆ, ಈಗ, ಆದರೆ ಕೈ ಮೇಲೇ ಇದೆ, ಇನ್ನೂ ಒತ್ತು, ಇನ್ನೂ, ರಬ್ಬರ್ ಕಿವಿಗೆ ಒತ್ತಿಕೊಂಡೇ ಅವನು ಕತ್ತು ಚಾಚುತ್ತಿದ್ದಾನೆ, ಎಡಕ್ಕೆ, ಬಲಕ್ಕೆ, ಪಶ್ಚಿಮದ ಬಿಸಿಲು ಷಟರಿನಿಂದ ನೇರ ಗಾಜಿನ ಮೇಲೆ ಬಿದ್ದು ಉರಿಯುತ್ತಿದೆ, ಆ ಉರಿಯೊಳಗೆ ಅವನು ಏನನ್ನೋ ಹುಡುಕುತ್ತಿದ್ದಾನೆ, ಏನನ್ನು — ಅವಳ ಕಾಲು ತಾನಾಗಿಯೇ ಮೇಲೆ ಬಂತು.

ಎಂಜಿನ್ ಸದ್ದು ಇಳಿಯಿತು, ಎದ್ದದ್ದು ಫುವಾದನ ದನಿ, ಹೆದರಿಬಿಟ್ಳು ನೋಡ್ರಪ್ಪ, ನಾನ್ ಹೇಳ್ಲಿಲ್ವಾ, ಸ್ಕೂಲ್ ಮಕ್ಳನ್ನ ಬಿಡೋ ಕಾಲು ಅದು. ಹೇಳಿಕೊಳ್ಳಲಿ. ಅವಳ ತಲೆಯೊಳಗೆ ಕೆಟಲ್ ಕೂಗುತ್ತಿದೆ, ಹೋದ ಈದ್ ದಿನದ ಕೆಟಲ್, ಅಣ್ಣನ ಮನೆಯಲ್ಲಿ, ಅದು ಕಿರುಚುತ್ತಲೇ ಇತ್ತು, ಅಣ್ಣ ಅದರ ಪಕ್ಕದಲ್ಲೇ ಕೂತು ಪೇಪರ್ ಮಗುಚುತ್ತಿದ್ದ, ಅತ್ತಿಗೆ ಓಡಿಬಂದು ಆರಿಸಿದಳು, ಯಾವ ಲೋಕದಲ್ಲಿದ್ದಾನೋ ಎಂದು ನಕ್ಕಿದ್ದರು ಎಲ್ಲರೂ — ಅವನಿಗೆ ಕೇಳಿಸುವುದಿಲ್ಲ, ಸಣ್ಣ ಸದ್ದು ಕೇಳಿಸುವುದಿಲ್ಲ, ಬಹುಶಃ ವರ್ಷಗಳಿಂದ, ಸೈಲೆನ್ಸರ್ ಇಲ್ಲದ ಇಷ್ಟೊಂದು ಕಾರುಗಳ ನಡುವೆ ಬದುಕಿದವನ ಕಿವಿ ಉಳಿಯುವುದಾದರೂ ಹೇಗೆ, ಹಾಗಾದರೆ ಇಷ್ಟು ದಿನ ಕೇಳಿದವರು ಯಾರು, ಅಲ್ಲಿ ನಿಲ್ಲು, ಮುಖ ಈ ಕಡೆ, ನಡುಮಧ್ಯಾಹ್ನವೂ ದೀಪ ಹಿಡಿಸುತ್ತಿದ್ದ, ದೀಪ ಯಾರಿಗೆ ಬೇಕಿತ್ತು. ಜಲ್ಲಿಕಲ್ಲು ಕೇಳಿದಾಗೆಲ್ಲ ಅವಳ ಹುಬ್ಬು ಗಂಟಾಗುತ್ತದೆ, ಚಿಕ್ಕಂದಿನಿಂದಲೂ, ಅಮ್ಮ ಬಯ್ಯುತ್ತಿದ್ದಳು, ಹುಣಸೆಹಣ್ಣು ತಿಂದ ಹಾಗೆ ಯಾಕೆ ಮಾಡ್ತೀಯ ಮುಖಾನ ಅಂತ. ಅಣ್ಣ ಕೇಳುತ್ತಿದ್ದದ್ದು ಆ ಹುಬ್ಬನ್ನು. ಇವತ್ತು ಅದು ಬಿಸಿಲಿನ ಹಿಂದೆ. ಅಳು ಬರಬೇಕಿತ್ತು, ಬರಲಿಲ್ಲ, ಬಂದದ್ದು ಎದೆ ಬಿರಿಯುವಂಥ ಹೆಮ್ಮೆ, ಈ ಊರಿನ ಕಿವಿ ನಾನೇ, ಇಷ್ಟು ವರ್ಷ ನಾನೇ — ಆಮೇಲೆ ಅವನ ಮುಖ, ರಬ್ಬರ್ ಇನ್ನೂ ಕಿವಿಯಲ್ಲೇ, ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಮುಖ. ಈಗ ಏನು ಹೇಳಲಿ, ಬೂಟಾ ನಿಂಗೆ ಕೇಳಿಸ್ಲಿಲ್ವಾ ಎಂದರೆ ಸಂಜೆಯೊಳಗೆ ಮಾತು ಊರೆಲ್ಲ ಹರಡುತ್ತದೆ, ನಾಳೆಯಿಂದ ಒಂದು ಕಾರೂ ಈ ಬಾಗಿಲಿಗೆ ಬರುವುದಿಲ್ಲ, ಏನೂ ಹೇಳದೆ ಮತ್ತೆ ಒತ್ತಿದರೆ ಪಿಸ್ಟನ್ ಹೋಗುತ್ತದೆ, ಸೀಟು ಬಿಟ್ಟು ಇಳಿದು ಅವನೆದುರು ನಿಂತರೆ, ಇಲ್ಲ, ಇಳಿಯುವುದಿಲ್ಲ, ಇದು ನನ್ನ ಸೀಟು, ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಯೋಚಿಸು ರುಗಾಯಾ. ಕಿಟಕಿಯಿಂದ ತಲೆ ಹಾಕಿ ಬಿಸಿಲು ಕಣ್ಣಿಗೆ ಹೊಡೀತಿದೆ ಬೂಟಾ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಫುವಾದನ ಬಾಯಿ. ಜನ ಗೊಳ್ಳೆಂದರು. ಅಣ್ಣ ನಗಲಿಲ್ಲ, ಅವಳನ್ನೇ ನೋಡುತ್ತ ಹತ್ತಿರ ಬಂದು ಮೆಲ್ಲಗೆ ಕೇಳಿದ, ಬಿಸಿಲು ಎಲ್ಲಿಂದ ಶುರುವಾಯ್ತು. ನಾಲ್ಕು ಸಾವಿರ ಮುಟ್ಟಿದಾಗ. ಜೋರಾಗಿತ್ತಾ. ಇಲ್ಲ ಬೂಟಾ, ಸ್ವಲ್ಪಾನೇ. ಅವನು ತಲೆಯಾಡಿಸಿದ, ಹೋಗಿ ಸ್ಪ್ಯಾನರ್ ತೆಗೆದುಕೊಂಡು ಕಿಡಿ ಹಂಚುವ ಡಬ್ಬಿಯ ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ, ಬೆಂಕಿ ಇನ್ನು ತುಸು ತಡವಾಗಿ ಹತ್ತುತ್ತದೆ, ಬಿಗಿದ, ಕೈ ಒರೆಸಿಕೊಂಡ, ಆ ಕೈಗೆ ಎಲ್ಲ ಗೊತ್ತು, ಕೈ ಕಿವುಡಾಗಿಲ್ಲ. ಆಮೇಲೆ ತಿರುಗಿ, ಫುವಾದ್, ಆ ಬ್ರೆಡ್ ಕೆಳಗಿಡು, ಮೂಲೇಲಿರೋ ಟಾರ್ಪಾಲ್ ಎತ್ತಿ ಷಟರಿಗೆ ಅಡ್ಡ ಹಿಡ್ಕೋ, ನನ್ ತಂಗಿಗೆ ನೆರಳು ಬೇಕು ಅಂದ. ಈಗ ಜನ ನಕ್ಕದ್ದು ಫುವಾದನನ್ನು ನೋಡಿ, ಎರಡೂ ಕೈ ಮೇಲೆತ್ತಿ, ಗಡ್ಡಕ್ಕೆ ವಿನೆಗರ್ ಮೆತ್ತಿಕೊಂಡು, ನೀಲಿ ಟಾರ್ಪಾಲ್ ಹಿಡಿದು ನಿಂತಿದ್ದಾನೆ ಗೊಣಗುತ್ತ.

ಬಿಸಿಲು ಗಾಜಿನಿಂದ ಜಾರಿತು, ಮೊದಲು ಮೇಲಿನ ಅಂಚು, ಆಮೇಲೆ ಪೂರಾ, ಅಣ್ಣ ನಿಚ್ಚಳವಾಗಿ ಕಾಣಿಸಿದ, ಅವನಿಗೂ ಅವಳು ಕಂಡಿರಬೇಕು, ಭುಜ ಇಳಿಯಿತು ಅವನದು, ಕೈ ಎತ್ತಿದ. ಒತ್ತಿದಳು. ಎರಡು, ಮೂರು, ಸಿಳ್ಳು ಬಂತು, ಬಾ ಮಗಳೇ ಬಾ, ಮೂರೂವರೆ, ಬೆನ್ನಿಗೆ ಆ ಒದೆ, ಮುಖ ಬಿಗಿಯಬೇಡ, ಮುಖ ಬಿಟ್ಟಿಡು, ಅವನು ಓದಲಿ, ನಾಲ್ಕು, ಈಗ, ಕಿವಿಯೇ, ಈಗ ಮೋಸ ಮಾಡಬೇಡ — ಏನೂ ಇಲ್ಲ, ಜಲ್ಲಿ ಇಲ್ಲ, ಬರೀ ಸಿಳ್ಳು, ಬರೀ ಗಾಳಿ, ನಾಲ್ಕೂವರೆ, ಐದು, ಮುಳ್ಳು ಹಳೆಯ ಗಾಲ್ಫ್ ಎಂದೂ ಕಾಣದ ಕಡೆಗೆ ಏರುತ್ತಿದೆ, ಎಲ್ಲರ ಕಣ್ಣೂ ಅದರ ಮೇಲೆ, ಅವಳಿಗೆ ನಗು ತಡೆಯಲಾಗುತ್ತಿಲ್ಲ, ನಗಬಹುದೇ, ನಗಬಹುದು, ನಗಲೇಬೇಕು, ಇಲ್ಲದಿದ್ದರೆ ಅವನಿಗೆ ಹೇಗೆ ಕೇಳಿಸೀತು, ಹಲ್ಲು ಬಿಟ್ಟು ನಕ್ಕಳು, ಐದೂವರೆ, ಅಣ್ಣನ ಕಿವಿಯಿಂದ ರಬ್ಬರ್ ಜಾರಿ ಎದೆಯ ಮೇಲೆ ನೇತಾಡುತ್ತಿದೆ, ಅವನಿಗದು ಗೊತ್ತಾಗಿಲ್ಲ, ಕೈ ಮೇಲೇ ಇದೆ, ಇನ್ನೂ ಒತ್ತು, ಇನ್ನೂ, ಮತ್ತೆ ಆ ಕಣ್ಣು, ಗಾಜಿನಾಚೆ, ರೆಪ್ಪೆ ಮಿಟುಕಿಸದೆ, ಅವಳ ಮುಖದ ಮೇಲೆ, ಆ ಎರಡು ಕಣ್ಣು ಕೇಳುತ್ತಿವೆ.