ಬಾಣಂತಿ ಕೋಣೆಯ ಶೆಗಡಿ, ಬನಿಹಾಲದ ಹಿಮ

೧೯೮೮ರ ಜನವರಿ. ಚಿಂಚಲಿಯ ಚನ್ನವ್ವನ ಮನೆಯಲ್ಲಿ ಒಂಬತ್ತು ದಿನದ ಬಾಣಂತಿ ಮಂಗಲಾಳಿಗೆ ಎರಡು ದಿನದಿಂದ ತಲೆನೋವು, ಓಕರಿಕೆ. ತಾಯಿ ಚನ್ನವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಗೆದಳು. ದೃಷ್ಟಿ ಇಳಿಯಿತೋ ಏನೋ, ನೋವು ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಅಳಿಯ ಬಾಳು ಬಂದ. ನಿಪ್ಪಾಣಿಯ ಲಾರಿ ಡ್ರೈವರ್. ಬೆಲ್ಲ ಹೇರಿಕೊಂಡು ಕಾಶ್ಮೀರಕ್ಕೆ ಹೋಗಿದ್ದವನು ಹುಟ್ಟಿದ ಮಗಳ ಮುಖ ನೋಡಲು ಲಾರಿಸಮೇತ ಇಲ್ಲಿಗೇ ಬಂದಿದ್ದ. ಬಾಣಂತಿ ಕೋಣೆಯ ಬಾಗಿಲು ತೆರೆದವನು ಬೆಚ್ಚಿದ. ಕಿಟಕಿಯ ಸಂದಿಗೆಲ್ಲ ಗೋಣಿಚೀಲ ತುರುಕಿದೆ. ಹೊರಸಿನ ಕೆಳಗೆ ಶೆಗಡಿ, ಅದರ ತುಂಬ ಇದ್ದಿಲ ಕೆಂಡ. ಶೆಗಡಿಯನ್ನು ಅಂಗಳಕ್ಕೆ ಎಳೆದು ಹಾಕಿ, ತಾಯಿ-ಮಗುವನ್ನು ಪಡಸಾಲೆಗೆ ಕರೆತಂದ.

“ಏನ್ರಿ ಅಳಿಯಾರ, ಬಂದ ಕೂಡ್ಲೆ ರಿವರ್ಸ್ ಹಾಕಾಕತ್ತೀರಿ?” ಚನ್ನವ್ವ ಗುಡುಗಿದಳು. “ಬಾಣಂತಿಗೆ ಥಂಡಿ ಹತ್ತೂದಿಲ್ಲೇನು? ಏಳು ಬಾಣಂತನ ಮಾಡೇನಿ ನಾ. ನಿಮ್ಮ ಸ್ಟೇರಿಂಗ್ ನೀವು ಹಿಡೀರಿ.”

“ಆ ಕೆಂಡದಾಗ ವಿಷ ಐತ್ರಿ, ಅತ್ತಿ.”

“ಹೊಗೀನ ಇಲ್ಲ, ವಿಷ ಎಲ್ಲಿಂದ ಬಂತು? ನಾಳೆ ನೀವು ಗಾಡಿ ಹತ್ತಿ ಹೋಗ್ರಿ. ಸಂಜಿಕ ಶೆಗಡಿ ಮತ್ತ ಒಳಗ ಬರತೈತಿ.”

ನಾಳೆ ಬಾಳು ಹೊರಡಲೇಬೇಕು. ಅತ್ತೆ ಒಪ್ಪದಿದ್ದರೆ ಹೆಂಡತಿ, ಮಗಳು ಮತ್ತೆ ಅದೇ ಕೋಣೆಯಲ್ಲಿ.

“ಕೂಡ್ರಿ ಅತ್ತಿ, ಕಾಶ್ಮೀರದ ದಾರ್ಯಾಗಿನ ಬನಿಹಾಲ ಘಾಟ ತೋರಸ್ತೇನಿ. ನಮ್ಮ ತವಂದಿ ಘಾಟದಂಥಾವು ಹತ್ತು, ಒಂದರ ಮ್ಯಾಲೊಂದು ಇಟ್ಟಂಗ ಗುಡ್ಡ. ತುದಿ ನೋಡಾಕ ಹೋದ್ರ ಟೊಪಗಿ ಹಿಂದ ಬೀಳತೈತಿ. ಗಾಡಿ ಗುಂಯ್ಯ್... ಗುಂಯ್ಯ್... ಅಂತ ಸೊಂಟನೋವಿನ ಮುದುಕಿಯಂಗ ಏರತಿತ್ತು.”

ಬಾಳು ಗಂಟಲಲ್ಲೇ ಇಂಜಿನ್ ಓಡಿಸಿದ. ಅಳುತ್ತಿದ್ದ ಕೂಸು ಸುಮ್ಮನಾಯಿತು.

“ಅಷ್ಟರಾಗ ಹಿಮ ಸುರೂ ಆತು. ಮಳಿಗೆ ಸಪ್ಪಳ ಐತಿ, ಹಿಮಕ್ಕ ಸಪ್ಪಳಾನ ಇಲ್ರಿ. ನೋಡ್ತಾ ನೋಡ್ತಾ ರಸ್ತೆ ಇಲ್ಲ, ಕಣಿವಿ ಇಲ್ಲ, ಎಲ್ಲಾ ಬೆಳ್ಳಗ. ದಾರಿ ಬಂದ್. ಮುನ್ನೂರು ಗಾಡಿ ಸಾಲಾಗಿ ನಿಂತಾವ, ಒಂದೂ ಹಾರ್ನ್ ಇಲ್ಲ. ಟ್ಯಾಂಕಿನ್ಯಾಗ ಡೀಸೆಲ್ ತುಪ್ಪದಂಗ ಹೆಪ್ಪುಗಟ್ಟಿತ್ತು. ದೇವರು ಉಸಿರು ಹಿಡದು ಕುಂತಾನೇನೋ ಅನಿಸಿತು.”

ಚನ್ನವ್ವ ಸೆರಗನ್ನು ಬಾಯಿಗೆ ಹಚ್ಚಿದಳು.

“ನಾನು, ಜೋಡಿ ಡ್ರೈವರ್ ಭೀಮಗೊಂಡ, ಡಬ್ಬಿಯೊಳಗ ಕೆಂಡ ಹಾಕಿ ಕ್ಯಾಬಿನ್ನಿನ್ಯಾಗ ಇಟ್ವಿ. ಗ್ಲಾಸು ಏರಿಸಿ ಸಂದಿಗೆ ಗೋಣಿಚೀಲ ತುರುಕಿದ್ವಿ. ಬಾಣಂತಿ ಕೋಣೀನ ಅನ್ರಿ! ತಲಿ ನೋಯಾಕ ಹತ್ತಿತು. ಎತ್ತರದ ಹವಾಕ್ಕ ಇರಬೇಕು ಅಂತ ಮಲಗಿದ್ವಿ. ಆಮ್ಯಾಲ ಗ್ಲಾಸು ಫಳ್ ಅಂದಿದ್ದಷ್ಟ ಗೊತ್ತು. ಒಬ್ಬ ಪಂಜಾಬಿ ಅಜ್ಜ ಜಾಕಿನ ರಾಡಿನಿಂದ ಒಡದು, ‘ಓಯ್! ಸಾಂಸ್ ಲೇ, ಓಯ್!’ ಉಸರಾಡಲೇ ಅಂತ ಕೆನ್ನಿಗೆ ಬಡಿಯಾಕತ್ತಿದ್ದ. ನನಗ ಕೈ ಎತ್ತಾಕೂ ಬರಲಿಲ್ಲ.”

“ಉಳದ್ರಲ್ಲ, ಪುಣ್ಯಾ!” ಅಂದಳು ಚನ್ನವ್ವ.

“ನಾವು ಉಳದ್ವಿ. ಮುಂದಿನ ಗಾಡಿಯವರೂ ಕೆಂಡ ಇಟ್ಟಿದ್ರು. ಹೊದ್ದು ಮಲಗಿದಂಗ ಇದ್ರು, ಇಬ್ರೂ. ಏಳಲಿಲ್ಲ. ಮಿಲಿಟರಿ ಡಾಕ್ಟರ್ ಹೇಳಿದ್ರು, ಮುಚ್ಚಿದ ಜಾಗಾದಾಗ ಕೆಂಡ ಉರದ್ರ ವಿಷಗಾಳಿ ಹುಟ್ಟತೈತಿ. ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ನಾರೂದಿಲ್ಲ. ತಲಿ ನೋಯತೈತಿ, ವಾಂತಿ ಬರತೈತಿ, ನಿದ್ದಿ ಬರತೈತಿ.”

ಮಂಗಲಾ ಮೆಲ್ಲಗೆ ಅಂದಳು, “ಯವ್ವಾ, ಬಚ್ಚಲಕ್ಕ ಹೋದಾಗೆಲ್ಲಾ ತಲಿ ಹಗರ ಆಗತಿತ್ತು. ಒಳಗ ಮಲಗಿದ ಕೂಡ್ಲೆ ಮತ್ತ ಸುರೂ. ಈಗ ಇಲ್ಲಿ ಕುಂತ ಮ್ಯಾಲ ಇಳದೈತಿ ನೋಡು.”

ಚನ್ನವ್ವ ಎದ್ದು ಹೋಗಿ ಕಿಟಕಿಯ ಸಂದಿಯ ಗೋಣಿಚೀಲ ಕಿತ್ತು ತಂದಳು.

“ಏಳೂ ಬಾಣಂತನ ಹಳೇ ಹಂಚಿನ ಮನ್ಯಾಗ ಆದೂವು. ಸಂದಿಗೊಂದು ಗಾಳಿ ಆಡತಿತ್ತು. ಈ ಕೋಣಿಗೆ ಹೋದ ವರ್ಷ ಸ್ಲ್ಯಾಬ್ ಹಾಕ್ಸಿದ್ವಿ...” ಅವಳು ಕೂಸನ್ನು ಎತ್ತಿಕೊಂಡಳು. “ಅಳಿಯಾರ, ಲಾರಿ ಸುರೂ ಮಾಡ್ರಿ. ಇಬ್ರನ್ನೂ ದವಾಖಾನಿಗೆ ತೋರಿಸಿಕೊಂಡ ಬರೂನು.”

ಅತ್ತೆಯಂದಿರೇ, ಅವ್ವಂದಿರೇ, ದೂರದ ಗಾಡಿ ಓಡಿಸುವ ಅಣ್ಣಂದಿರೇ, ಮುಚ್ಚಿದ ಕೋಣೆಯಲ್ಲಾಗಲಿ, ಕ್ಯಾಬಿನ್ನಿನಲ್ಲಾಗಲಿ ಕೆಂಡ ಇಟ್ಟು ಮಲಗಬೇಡಿ. ಕಾಯಿಸಲೇಬೇಕಾದರೆ ಕಿಟಕಿ, ಬಾಗಿಲು ತೆರೆದಿಡಿ. ಮಲಗುವ ಮೊದಲು ಶೆಗಡಿ ಹೊರಗಿಡಿ. ಇನ್ನೊಂದು ಕಂಬಳಿ ಹೊದಿಸಿ. ತಲೆನೋವು, ಓಕರಿಕೆ ಕಂಡರೆ ಮೊದಲು ಬಯಲಿಗೆ ಕರೆತನ್ನಿ, ತಡಮಾಡದೆ ದವಾಖಾನೆಗೆ ಹೋಗಿ. ಈ ಹಾಳೆ ಕೆಳಗಿಟ್ಟು ಈಗಲೇ ಎದ್ದು ನೋಡಿ: ನಿಮ್ಮ ಮನೆಯ ಬಾಣಂತಿ ಕೋಣೆಯ ಕಿಟಕಿ ತೆರೆದಿದೆಯೇ?